ಎಡಗೈ ಹೆಬ್ಬೆರಳಿನ ಮಾತು

ಮಗಳಿಗೆ ಇಪ್ಪತ್ತೆರಡು ತುಂಬಿದರೂ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಹುಟ್ಟುವಾಗಲೇ ಕೈಕಾಲು, ನಾಲಿಗೆ ಹಿಡಿತ ತಪ್ಪಿದ್ದವು. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. "ಅವಳ ಕಣ್ಣು ನೋಡಿದ್ರೆ ಸಾಕು, ಏನು ಬೇಕು ಅಂತ ನಂಗೆ ಗೊತ್ತಾಗತ್ತೆ" ಎಂದು ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದಳು.

ಹಾಗಾಗಿ ಇಂಥ ಮಕ್ಕಳ ಶಾಲೆಯೊಂದರಿಂದ ವಾರಕ್ಕೆರಡು ಸಲ ಬರತೊಡಗಿದ ಟೀಚರು ಮಗಳ ಗಾಲಿಕುರ್ಚಿಗೆ ಗುರುತುಗಳ ಹಲಗೆಯೊಂದನ್ನು ಕಟ್ಟಿದಾಗ ತಾಯಿ ಮೂಗು ಮುರಿದಳು. ಚೌಕದ ಮೇಲೆ ತ್ರಿಕೋನವಿದ್ದರೆ ಮನೆ, ಹೃದಯದ ಪಕ್ಕ ಮೇಲ್ಮುಖ ಬಾಣವಿದ್ದರೆ ಸಂತೋಷ. ಪ್ರತಿ ಗುರುತಿನಡಿ ಅದರ ಹೆಸರು. ಮಗಳ ಮಾತು ಕೇಳುತ್ತಿದ್ದುದು ಎಡಗೈ ಹೆಬ್ಬೆರಳೊಂದೇ. ಅದರಿಂದಲೇ ತೋರಿಸಿ ತೋರಿಸಿ ಎಂಟು ತಿಂಗಳಲ್ಲಿ ಮುನ್ನೂರು ಗುರುತು ಕಲಿತಳು. ಬಸ್ ಓಡಿಸುವ ತಂದೆಯೂ ಅಷ್ಟಿಷ್ಟು ಕಲಿತ. ತಾಯಿ ಮಾತ್ರ ಹತ್ತಿರ ಸುಳಿಯಲಿಲ್ಲ.

"ಹೆತ್ತ ಮಗಳನ್ನ ಗೆರೆ ನೋಡಿ ಅರ್ಥ ಮಾಡ್ಕೊಳ್ಳೋ ಗತಿ ನಂಗೆ ಬಂದಿಲ್ಲ!"

ಒಂದು ಮಧ್ಯಾಹ್ನ ಟೀಚರು ತಡವರಿಸುತ್ತಲೇ ಹೇಳಿದರು: "ಅಮ್ಮಾ, ಇವಳು ನಮ್ಮ ಶಾಲೆ ಹಾಸ್ಟೆಲಿಗೆ ಬರ್ತೀನಿ ಅಂತಿದ್ದಾಳೆ. ಚಿಕ್ಕ ಮಕ್ಕಳಿಗೆ ಗುರುತು ಕಲಿಸ್ಬೇಕಂತೆ."

ತಾಯಿಯ ಕತ್ತರಿ ಅರ್ಧ ಬಟ್ಟೆಯಲ್ಲೇ ನಿಂತಿತು. "ಅದು ಅವಳು ಹೇಳಿದ್ದಲ್ಲ, ನೀವು ಹೇಳಿಸಿದ್ದು. ಸ್ವಲ್ಪ ಆಚೆ ಇರಿ."

ಟೀಚರು ಹೊರಗೆ ಹೋದ ಮೇಲೆ ಬಾಗಿಲು ಹಾಕಿ, ಮೊದಲ ಬಾರಿ ಹಲಗೆಯೆದುರು ಕೂತಳು. "ನಿಜ ಹೇಳು ಕಂದ. ನಿಂಗಿಲ್ಲಿ ಏನು ಕಮ್ಮಿಯಾಗಿದೆ? ಏನೂ ಇಲ್ಲ ಅಲ್ವಾ?"

ಹೆಬ್ಬೆರಳು ನಡುಗುತ್ತ ಎದ್ದಿತು. ಅದು ಮುಟ್ಟಿದಲ್ಲೆಲ್ಲ ತಾಯಿ ಕೆಳಗಿನ ಹೆಸರು ಓದಿದಳು. ಅಮ್ಮ. ಪ್ರಶ್ನೆ. ಅಮ್ಮ. ಉತ್ತರ.

"ಕೇಳೋಳೂ ನಾನೇ, ಹೇಳೋಳೂ ನಾನೇ ಅಂತೀಯಾ?"

ಮಗಳು ಕುರ್ಚಿ ಅಲುಗುವ ಹಾಗೆ ನಕ್ಕಳು. ತಾಯಿಗೂ ನಗು ತಡೆಯಲಾಗಲಿಲ್ಲ; ನಗುತ್ತಿದ್ದಂತೆ ಕಣ್ಣು ತುಂಬಿತು. ಇಂಥ ಕೊಂಕು ಯಾವ ಟೀಚರೂ ಹೇಳಿಕೊಟ್ಟು ಬರುವುದಲ್ಲ. ಥೇಟ್ ತನ್ನದೇ ನಾಲಿಗೆ.

"ಇನ್ನೇನೇನು ತಪ್ಪು ತಿಳ್ಕೊಂಡಿದೀನಿ, ಅದನ್ನೂ ಹೇಳ್ಬಿಡು."

ಹಸಿರು. ಬಟ್ಟೆ. ಬೇಡ.

"ಅಯ್ಯೋ! ಇಷ್ಟು ವರ್ಷ ನಿಂಗೆ ಬರೀ ಹಸಿರೇ ಹೊಲಿದೆನಲ್ಲೇ!"

ಹೊರಗೆ ಕಾದಿದ್ದ ಟೀಚರಿಗೆ ಒಳಗಿನ ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. ಕೊನೆಗೆ ತಾಯಿಯೇ ಬಾಗಿಲು ತೆರೆದು, ಹಾಸ್ಟೆಲಿನಲ್ಲಿ ಅವಳನ್ನು ಎತ್ತಿ ಕೂರಿಸುವವರು ಯಾರು, ಊಟ ಮಾಡಿಸುವವರು ಯಾರು ಎಂದು ಒಂದೊಂದಾಗಿ ವಿಚಾರಿಸಿದಳು.

ಮುಂದಿನ ತಿಂಗಳು ಮಗಳು ಹೊರಟಳು. ಶನಿವಾರ, ಭಾನುವಾರ ಮನೆಗೆ ಬರುತ್ತಾಳೆ. ಈಗ ಅವಳ ಬಳಿ ನಾಲ್ಕು ಮಕ್ಕಳು ಗುರುತು ಕಲಿಯುತ್ತಿದ್ದಾರೆ.