ಮೂತಿ ಭಾರ

ಬದರೀನಾಥರು ವಸ್ತುಗಳನ್ನು ಕೊಳ್ಳುವುದಿಲ್ಲ, ಆರಿಸುತ್ತಾರೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಅವರ ಹೆಂಡತಿ ವತ್ಸಲಾಳನ್ನು ಕೇಳಬೇಕು. ಮದುವೆಯಾದ ಹೊಸದರಲ್ಲಿ ಮೈಸೂರಿನಲ್ಲಿ ಮಿಕ್ಸಿ ತರುತ್ತೇನೆಂದು ಹೊರಟ ಈ ಮಹಾರಾಯರು ವಾರವಾರವೂ ಬರಿಗೈಯಲ್ಲಿ ಬಂದು ಮೋಟಾರಿನ ಮೇಲೆ ಉಪನ್ಯಾಸ ಕೊಡುತ್ತಿದ್ದರಂತೆ. ಚಟ್ನಿ ಮಾತ್ರ ಒರಳಿನಲ್ಲೇ ನಡೆದಿತ್ತು. ಅಂಥವರಿಗೆ, ಕಾರು ಕಂಪನಿಯಿಂದ ರಿಟೈರ್ ಆಗಿ ಅಮೆರಿಕದ ವಿಕ್ಸಮ್ ಎಂಬ ಊರಿನ ಮನೆಯಲ್ಲಿ ಕೂತ ಮೇಲೆ, ಒಂದು ಹಿಚ್ ಆರಿಸುವ ಕೆಲಸ ಸಿಕ್ಕಿತು. ಇಡೀ ಚಳಿಗಾಲ ಸಾಲಲಿಲ್ಲ.

ಹಿಚ್, ಅಂದರೆ ಎಳೆಯುವ ಕೊಂಡಿ, ಬೇಕಾಗಿದ್ದು ಟ್ರೈಲರಿಗೆ. ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ, ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗುವ ಚಕ್ರದ ಮನೆ ಅದು. ನೀರಿನ ಮೇಲೆ ಮೈಲುಗಟ್ಟಲೆ ಎತ್ತರದಲ್ಲಿ ತೂಗುವ ಮ್ಯಾಕಿನಾ ಸೇತುವೆ ದಾಟಿ, ಸುಪೀರಿಯರ್ ಸರೋವರದ ದಡದಲ್ಲಿ ಅದನ್ನು ನಿಲ್ಲಿಸಿ, ಬೆಳಿಗ್ಗೆ ಎದ್ದು ಫಿಲ್ಟರ್ ಕಾಫಿ ಕುಡಿಯಬೇಕು ಅನ್ನುವುದು ಬದರೀನಾಥರ ಬಹುಕಾಲದ ಆಸೆ. ಪಕ್ಕದಲ್ಲಿ ವತ್ಸಲಾ ಇರಬೇಕು. ಅವಳಿಲ್ಲದಿದ್ದರೆ ಸರೋವರವೂ ಬೇಡ, ಕಾಫಿಯೂ ಬೇಡ.

ಆದರೆ ಹೋದ ಅಕ್ಟೋಬರಿನಲ್ಲಿ ಹೋದ ಮೊದಲ ಪ್ರವಾಸದಲ್ಲೇ ಎಡವಟ್ಟಾಗಿತ್ತು. ಹೈವೇಯಲ್ಲಿ ದೊಡ್ಡದೊಂದು ಲಾರಿ ಪಕ್ಕದಲ್ಲಿ ಭರ್ರೆಂದು ಹಾದುಹೋದದ್ದೇ ತಡ, ಟ್ರೈಲರಿನ ಹಿಂಭಾಗ ಆ ಕಡೆ ಈ ಕಡೆ ಬೀಸತೊಡಗಿತು. ವತ್ಸಲಾಳಿಗೆ ಜೀವ ಬಾಯಿಗೆ ಬಂದಿತ್ತು. ಬಾಗಿಲ ಮೇಲಿನ ಹಿಡಿಕೆಯನ್ನು ಹಿಡಿದವಳು ಮನೆ ಮುಟ್ಟುವವರೆಗೂ ಬಿಡಲಿಲ್ಲ. ಮನೆಗೆ ಬಂದು ಎರಡು ಲೋಟ ನೀರು ಕುಡಿದು ಹೇಳಿದಳು.

"ಇನ್ನೊಂದೇ ಒಂದು ಸಲ ಬರ್ತೀನಿ. ಆಗಲೂ ಇದು ಹಿಂಗೇ ಬಾಲ ಅಲ್ಲಾಡಿಸಿದ್ರೆ ಮಾರಿಬಿಡಿ. ನನಗೆ ಆ ಭಾಗ್ಯ ಬೇಡ."

"ಆಯ್ತು ಕಣೆ. ಮಾತು ಅಂದ್ರೆ ಮಾತು," ಎಂದಿದ್ದರು ಬದರೀನಾಥರು.

ಅಂದಿನಿಂದ ಶುರುವಾಯಿತು ನೋಡಿ, ಹಿಚ್ ಪುರಾಣ. ಊಟದ ಮೇಜಿನ ತುಂಬ ಕಾಗದ. ಭಾನುವಾರ ಬೆಳಗಾದರೆ ಸ್ಪೀಕರಿನಲ್ಲಿ ಗುರುಶಾಂತಪ್ಪ. ಹುಬ್ಬಳ್ಳಿ ಕಡೆಯ ಈ ಹಳೆಯ ಸ್ನೇಹಿತ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿದ್ದಾರೆ, ಹತ್ತು ವರ್ಷದಿಂದ ಟ್ರೈಲರ್ ಎಳೆಯುತ್ತಿದ್ದಾರೆ, ಆದ್ದರಿಂದ ತಮಗಿಂತ ತಿಳಿದವರಿಲ್ಲ ಎಂದು ನಂಬಿದ್ದಾರೆ.

"ಸರಪಳಿ ಇದ್ದದ್ದ ತಗೋರಿ ಅಂತೀನಿ. ನಂದು ಹತ್ತು ವರ್ಸ ಆತು, ಮಿಸುಕಾಡಿಲ್ಲ."

"ಸರಪಳಿದು ಭಾರ ಹಂಚುತ್ತೆ ಗುರುಶಾಂತಪ್ಪ, ಆದ್ರೆ ಓಲಾಟಾನ ಹಿಡಿಯಲ್ಲ. ನನಗೆ ಎರಡೂ ಮಾಡೋದು ಬೇಕು."

"ಅಲ್ರೀ, ನೀವು ಹಿಚ್ ಹುಡುಕಾಕ ಹತ್ತೀರೋ, ಅಳಿಯನ್ನೋ?"

ಅಡುಗೆಮನೆಯಿಂದ ವತ್ಸಲಾ ಕೂಗಿದಳು. "ಅಳಿಯನ್ನ ಇವರೆಲ್ಲಿ ಹುಡುಕಿದ್ರು? ಸುಹಾಸಿನಿ ತಾನೇ ನೋಡ್ಕೊಂಡಳು. ಇವರಿಗೆ ಬಿಟ್ಟಿದ್ರೆ ಇನ್ನೂ ಜಾತಕ ನೋಡ್ತಾ ಕೂತಿರೋರು!"

ಹಾಗೆಂದು ಅವಳಿಗೆ ಹಿಚ್ ಅಂದರೇನು ಎಂದು ಗೊತ್ತಿರಲಿಲ್ಲ ಎಂದಲ್ಲ. ಕೇಳಿ ಕೇಳಿ ಕಿವಿ ತೂತಾಗಿತ್ತು. ಸೈಕಲ್ಲಿನ ಕ್ಯಾರಿಯರ್ ಮೇಲೆ ಅಕ್ಕಿಮೂಟೆ ಹೇರಿದರೆ ಮುಂದಿನ ಚಕ್ರ ಹಗುರಾಗುತ್ತದಲ್ಲ, ಹಾಗೆಯೇ ಟ್ರೈಲರಿನ ಮೂತಿ ಟ್ರಕ್ಕಿನ ಹಿಂಭಾಗವನ್ನು ಕೆಳಗೆ ಒತ್ತುತ್ತದೆ. ಈ ಹೊಸ ಬಗೆಯ ಹಿಚ್ಚಿನ ಎರಡು ಉಕ್ಕಿನ ಸರಳುಗಳು ಆ ಭಾರವನ್ನು ಎತ್ತಿ ಟ್ರಕ್ಕಿನ ಮುಂದಿನ ಚಕ್ರಗಳಿಗೂ ಟ್ರೈಲರಿನ ಚಕ್ರಗಳಿಗೂ ಹಂಚುತ್ತವೆ. ಮೂತಿಯ ಮೇಲೆ ಭಾರ ಎಷ್ಟಿದೆ ಎಂದು ತಿಳಿದು ಅದಕ್ಕೆ ತಕ್ಕ ಸರಳು ತರಬೇಕು. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

ಅಂತೂ ಪರೀಕ್ಷೆಗೆ ಮುಹೂರ್ತ ಕೂಡಿಬಂತು. ಮಗಳು ಸುಹಾಸಿನಿ, ಇಂಡಿಯಾನಾ ದಾಟಿದ ಮೇಲೆ ಸಿಗುವ ಅರೋರಾದಲ್ಲಿ ಮನೆ ಕೊಂಡಿದ್ದಳು. ಮೇ ತಿಂಗಳಲ್ಲಿ ಗೃಹಪ್ರವೇಶ. ಪೂಜೆಯ ಅಡುಗೆಗೆ ಬೇಕಾದ ಕೊಳದಪ್ಪಲೆ, ಹಿತ್ತಾಳೆ ದೀಪದ ಕಂಬಗಳು, ವೆಟ್ ಗ್ರೈಂಡರು, ಅಕ್ಕಿ, ಬೇಳೆ, ಎಣ್ಣೆ ಡಬ್ಬ, ತೆಂಗಿನಕಾಯಿ, ಎಲ್ಲ ವಿಕ್ಸಮ್ಮಿನಿಂದಲೇ ಹೋಗಬೇಕು ಎಂದು ವತ್ಸಲಾ ತೀರ್ಮಾನಿಸಿದ್ದಳು. ಬದರೀನಾಥರು ಅದನ್ನೆಲ್ಲ ಟ್ರೈಲರಿನ ಮುಂಭಾಗದ ದೊಡ್ಡ ಗೂಡಿನಲ್ಲಿ ತಾವೇ ಜೋಡಿಸಿದರು. ಸಾಮಾನು ತುಂಬಿದ ಮೇಲೆಯೇ ಮೂತಿಯ ಭಾರ ತೂಗಿದರು. ತೂಗಿದ ಮೇಲೆಯೇ ಹಿಚ್ ಆರಿಸಿದರು. ಕಡೆಗೂ ತಂದರು! ಕೂಡಿಸಿ, ಸರಳು ಬಿಗಿದು, ಟ್ರಕ್ಕಿನ ಮುಂದಿನ ಚಕ್ರದ ಮೇಲಿನ ಎತ್ತರವನ್ನು ಟೇಪಿನಲ್ಲಿ ಅಳೆದು, ಹುಡುಗನ ಹಾಗೆ ಶಿಳ್ಳೆ ಹೊಡೆದರು.

ಹೊರಡುವ ದಿನ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ವತ್ಸಲಾ ಕುಂಕುಮದ ಭರಣಿ ಇಡಲು ಆ ಗೂಡಿನ ಬಾಗಿಲು ತೆಗೆದಳು. ನೈವೇದ್ಯದ ಅಕ್ಕಿ ಚೀಲಕ್ಕೆ ಒರಗಿಕೊಂಡು, ಸುರುಳಿ ಸುತ್ತಿಕೊಂಡು ಕೂತಿತ್ತು ಕಕ್ಕಸಿನ ಪೈಪು. ಟ್ರೈಲರಿನ ಕೊಳಕು ತೊಟ್ಟಿಯನ್ನು ಬರಿದು ಮಾಡುವ ಪೈಪು!

"ರಾಮ ರಾಮ! ಈ ಮನುಷ್ಯನಿಗೆ ಇಂಜಿನಿಯರಿಂಗ್ ಬಿಟ್ಟು ಇನ್ನೇನಾದ್ರೂ ತಿಳಿಯತ್ತಾ?"

ಕೂಗಿ ಹೇಳಬಹುದಿತ್ತು. ಹೇಳಿದರೆ ಪೈಪಿನ ಪಾವಿತ್ರ್ಯದ ಬಗ್ಗೆ ಅರ್ಧ ಗಂಟೆ ಭಾಷಣ. ದೇವರ ಸಾಮಾನಿನ ವಿಷಯದಲ್ಲಿ ಚರ್ಚೆ ಯಾಕೆ? ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಕ್ಕಿ, ಬೇಳೆ, ಪಾತ್ರೆ, ದೀಪದ ಕಂಬ ಎಲ್ಲವನ್ನೂ ಒಂದೊಂದಾಗಿ ಒಯ್ದು ಟ್ರೈಲರಿನ ಕಟ್ಟಕಡೆಯ ಮಂಚದ ಕೆಳಗೆ ಇಟ್ಟಳು. ಪೈಪಿನಿಂದ ಎಷ್ಟು ದೂರವಾದರೆ ಅಷ್ಟು ಒಳ್ಳೆಯದು. ಗ್ರೈಂಡರನ್ನು ಅಪ್ಪಿಕೊಂಡು ಮೆಟ್ಟಿಲು ಹತ್ತುವಾಗ ಸೊಂಟ ಲಟಕ್ಕೆಂದರೂ ಮನಸ್ಸಿಗೆ ಸಮಾಧಾನವಾಯಿತು. ಬದರೀನಾಥರು ಹಣೆಗೆ ಗಂಧ ಇಟ್ಟುಕೊಂಡು ಬರುವ ಹೊತ್ತಿಗೆ ಅವಳು ಏನೂ ಆಗದವಳಂತೆ ಫ್ಲಾಸ್ಕಿಗೆ ಕಾಫಿ ತುಂಬುತ್ತಿದ್ದಳು.

ಆನ್ ಆರ್ಬರ್ ದಾಟುವ ತನಕ ಬದರೀನಾಥರ ಮುಖ ಅರಳಿತ್ತು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹುಬ್ಬು ಗಂಟಾಯಿತು. "ಯಾಕೋ ಸರಿಯಾಗಿ ಕೂತಿಲ್ಲ ಅನ್ಸತ್ತೆ," ಎಂದು ಕನ್ನಡಿ ನೋಡಿದರು. ಬ್ಯಾಟಲ್ ಕ್ರೀಕಿನ ಹತ್ತಿರ ಎಡಗಡೆಯಿಂದ ಒಂದು ಲಾರಿ ಬಂತು. ಗಾಳಿ ಬಡಿಯಿತು. ಹಿಂದಿನಿಂದ ಯಾರೋ ಹಿಡಿದು ಅಲ್ಲಾಡಿಸಿದ ಹಾಗೆ ಟ್ರಕ್ಕು ತೊನೆಯಿತು, ಇನ್ನೊಮ್ಮೆ ತೊನೆಯಿತು.

"ರೀ!"

ಬದರೀನಾಥರು ಟ್ರಕ್ಕಿನ ಬ್ರೇಕು ತುಳಿಯಲಿಲ್ಲ. ವೇಗ ತಾನಾಗಿಯೇ ಇಳಿಯಲು ಬಿಟ್ಟು, ಟ್ರೈಲರಿನ ಬ್ರೇಕನ್ನು ಮಾತ್ರ ಕೈಯಿಂದ ಮೆಲ್ಲಗೆ ಹಿಂಡಿದರು. ಓಲಾಟ ನಿಂತಿತು. ಹಜಾರ್ಡ್ ಲೈಟು ಹಾಕಿ, ನಿಧಾನವಾಗಿ ಮುಂದಿನ ರೆಸ್ಟ್ ಏರಿಯಾಕ್ಕೆ ತಂದು ನಿಲ್ಲಿಸಿದರು. ಇಂಜಿನ್ ಆರಿಸಿದರು. ವತ್ಸಲಾ ಇನ್ನೂ ಹಿಡಿಕೆ ಬಿಟ್ಟಿರಲಿಲ್ಲ.

ಅವರು ಕೆಳಗಿಳಿದು ಹಿಚ್ಚಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಸರಳುಗಳನ್ನು ಮುಟ್ಟಿ ನೋಡಿದರು, ಕೈಗೆ ಗ್ರೀಸ್ ಹತ್ತಿತು. ಗುರುಶಾಂತಪ್ಪನವರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ವತ್ಸಲಾ ಕಿಟಕಿ ಇಳಿಸಿ ಕೇಳಿಸಿಕೊಂಡಳು.

"ಗಾಳಿ ಗೀಳಿ ಏನರ ಜೋರ್ ಐತೇನು?"

"ಇಲ್ಲ."

"ಮತ್ತ ಸಾಮಾನು ಏನರ ಹಿಂದಕ ಸರದೈತೇನ್ ನೋಡ್ರಿ. ಹಿಂದ ಭಾರ ಆತಂದ್ರ ಮೂತಿ ಹಗುರ ಆಕ್ಕೈತಿ. ಆಗ ಯಾವ ಹಿಚ್ಚಿನಪ್ಪ ಬಂದ್ರೂ ಹಿಡಿಯಂಗಿಲ್ಲ."

"ಹೇಗೆ ಸರಿಯುತ್ತೆ? ನಾನೇ ಕೈಯಾರೆ ಬಿಗಿದಿಟ್ಟಿದೀನಿ. ಇಲ್ಲ ಗುರುಶಾಂತಪ್ಪ, ನಾನು ಆರಿಸಿದ್ದೇ ತಪ್ಪು."

ವತ್ಸಲಾಳ ಕಿವಿ ಬಿಸಿಯಾಯಿತು. ಅಯ್ಯೋ, ಅಕ್ಕಿ! ಗ್ರೈಂಡರು! ಆ ದೀಪದ ಕಂಬಗಳು!

ಬದರೀನಾಥರು ಫೋನ್ ಇಟ್ಟು ಅವಳ ಕಿಟಕಿಯ ಹತ್ತಿರ ಬಂದರು. ಮುಖ ಇಷ್ಟು ಚಿಕ್ಕದಾಗಿತ್ತು.

"ಸೋತೆ ಕಣೆ ವತ್ಸಲಾ. ಜೀವಮಾನವೆಲ್ಲ ಇಂಜಿನಿಯರ್ ಅಂತ ಮೆರೆದು, ಒಂದು ಹಿಚ್ ಆರಿಸಕ್ಕೆ ಬರಲಿಲ್ಲ. ನಿಧಾನವಾಗಿ ಅರೋರಾ ಸೇರಿಸಿಬಿಡ್ತೀನಿ. ಅಲ್ಲೇ ಮಾರಿಬಿಡೋಣ. ನಿನ್ನ ಹೆದರಿಸಿ ಕರ್ಕೊಂಡು ಹೋಗೋದು ನಂಗೂ ಬೇಡ."

ಒಂದು ಮಾತು ಆಡದೆ ಸುಮ್ಮನಿದ್ದರೆ ಸಾಕಾಗಿತ್ತು. ಅರೋರಾದಲ್ಲಿ ಪಾತ್ರೆ ಇಳಿಸಿದರೆ ಮುಗಿಯಿತು, ಯಾರಿಗೂ ತಿಳಿಯುತ್ತಿರಲಿಲ್ಲ. ಹಿಡಿಕೆ ಹಿಡಿದು ಕೂರುವ ಕರ್ಮ ತಪ್ಪುತ್ತಿತ್ತು. ಬೇಸಗೆಯಲ್ಲಿ ತನ್ನ ಮಲ್ಲಿಗೆ ಕುಂಡ, ತನ್ನ ಮಧ್ಯಾಹ್ನದ ನಿದ್ದೆ, ತನ್ನ ಸ್ವಂತ ಬಚ್ಚಲು. ವತ್ಸಲಾ ಇದನ್ನೆಲ್ಲ ಯೋಚಿಸಿಯೇ ಯೋಚಿಸಿದಳು, ಸುಳ್ಳು ಯಾಕೆ ಹೇಳಬೇಕು? ಆ ನಿದ್ದೆಯ ಆಸೆ ಸಣ್ಣದೇನಲ್ಲ.

ಆದರೆ ಗಂಡ ಅಂಗೈಯ ಗ್ರೀಸನ್ನು ಕರವಸ್ತ್ರದಿಂದ ಉಜ್ಜುತ್ತ ನಿಂತಿದ್ದರು. ಇನ್ನು ಮೇಲೆ ಈ ಮನುಷ್ಯ ಅಂಗಡಿಗೆ ಹೋದರೆ ಎದುರಿಗೆ ಸಿಕ್ಕಿದ್ದನ್ನು ತೆಗೆದುಕೊಂಡು ಬಂದುಬಿಡುತ್ತಾರೆ ಅನಿಸಿತು. ಯಾವುದನ್ನೂ ಆರಿಸುವುದಿಲ್ಲ. ಅದನ್ನು ನೆನೆದರೇ ಅವಳಿಗೆ ಸಂಕಟವಾಯಿತು.

"ರೀ, ಹಿಚ್ ಸರಿಯಾಗಿದೆ," ಎಂದಳು.

"ಸಮಾಧಾನಕ್ಕೆ ಹೇಳಬೇಡ."

"ಸಮಾಧಾನನೂ ಇಲ್ಲ, ಮಣ್ಣೂ ಇಲ್ಲ. ಸಾಮಾನೆಲ್ಲ ಹಿಂದಿನ ಮಂಚದ ಕೆಳಗಿದೆ. ಬೆಳಿಗ್ಗೆ ನಾನೇ ಇಟ್ಟೆ."

ಬದರೀನಾಥರು ಟ್ರೈಲರಿನ ಹಿಂಭಾಗದ ಕಡೆ ತಿರುಗಿದರು. "ಗ್ರೈಂಡರೂ?"

"ಗ್ರೈಂಡರೂ. ದೇವರ ಅಕ್ಕಿನ ಕಕ್ಕಸಿನ ಪೈಪಿನ ಪಕ್ಕ ಇಟ್ಟಿದ್ರಲ್ಲ, ನಿಮಗೆ ನಾಚಿಕೆ ಆಗಲ್ವಾ?"

"ಅದು ಹೊಸ ಪೈಪು ಕಣೆ! ಮೇಲಿನ ಪ್ಲಾಸ್ಟಿಕ್ಕೂ ಬಿಚ್ಚಿಲ್ಲ!"

"ಹೊಸದಾದ್ರೇನು? ಅದು ಮಾಡೋ ಕೆಲಸ ಅದೇ ತಾನೇ?"

ಒಂದು ಕ್ಷಣ ಅವರು ಸಿಟ್ಟಾಗುತ್ತಾರೆ ಎಂದೇ ವತ್ಸಲಾ ಅಂದುಕೊಂಡಳು. ಸಿಟ್ಟೂ ಬಂದಿರಬೇಕು. ಆದರೆ ಅದು ಬಾಯಿಗೆ ಬರುವ ಮೊದಲೇ ನಗು ಬಂದುಬಿಟ್ಟಿತು. ಟ್ರಕ್ಕಿನ ಬಾಗಿಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಪಕ್ಕದ ಕಾರಿನ ಅಮೆರಿಕನ್ ಅಜ್ಜಿ ಇವರಿಗೇನಾಯಿತು ಎಂದು ತಿರುಗಿ ನೋಡಿದಳು.

"ಹಂಗಾದ್ರೆ ನಾನು ಆರಿಸಿದ್ದು ಸರಿ!"

"ಸರಿ ಮಾರಾಯ್ರೇ, ಸರಿ. ಈಗ ಆ ಪೈಪನ್ನ ಎಲ್ಲಿಡ್ತೀರಾ? ಅದು ಮುಂದೆ ಇರೋ ತನಕ ನನ್ನ ಅಕ್ಕಿ ಮುಂದೆ ಬರಲ್ಲ."

ಬದರೀನಾಥರು ಕಿವಿ ಕೆರೆದುಕೊಂಡರು. ಹಿಂದಿನ ಬಂಪರು ಟೊಳ್ಳು. ಕೊನೆಗೆ ಒಂದು ಮುಚ್ಚಳವೂ ಇದೆ. ಪೈಪು ಇಡಲೆಂದೇ ಮಾಡಿದ ಜಾಗ ಅದು. ಕೈಗೆ ಹತ್ತಿರವಿರಲಿ ಎಂದು ತಾವೇ ಮುಂದೆ ತಂದಿಟ್ಟಿದ್ದರು. ಅದನ್ನು ಅವರು ಬಹಳ ಸಣ್ಣ ದನಿಯಲ್ಲಿ ಹೇಳಿದರು. ವತ್ಸಲಾ ಬರೀ "ಹ್ಞೂಂ" ಅಂದಳು, ಆದರೆ ಎಂಥ "ಹ್ಞೂಂ" ಅಂತೀರಿ!

ಪೈಪು ಬಂಪರಿನ ಹೊಟ್ಟೆ ಸೇರಿತು. ವತ್ಸಲಾ ಮುಂದಿನ ಗೂಡನ್ನು ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಪೂಜೆಗೆಂದು ತಂದ ಗಂಗಾಜಲದ ಪುಟ್ಟ ಬಾಟಲಿಯಿಂದ ನಾಲ್ಕು ಹನಿ ಚಿಮುಕಿಸಿದಳು. ಬದರೀನಾಥರು ಗ್ರೈಂಡರು ಹೊತ್ತು ತಂದರು. ಅಕ್ಕಿ, ಬೇಳೆ, ಪಾತ್ರೆ, ಕಂಬ ಎಲ್ಲ ಮೊದಲಿನ ಜಾಗಕ್ಕೆ ಬಂದವು. ಮತ್ತೆ ಟೇಪು ಹಿಡಿದು ಅಳೆದರು. ಶಿಳ್ಳೆ ಹೊಡೆಯಲಿಲ್ಲ, ಆದರೆ ತುಟಿ ಅದಕ್ಕೆ ತಯಾರಾಗಿತ್ತು.

ಕ್ಯಾಲಮಜೂ ದಾಟಿದ ಮೇಲೆ ಮತ್ತೊಂದು ಲಾರಿ ಬಂತು. ಇದು ಮೊದಲಿನದಕ್ಕಿಂತ ಉದ್ದ. ವತ್ಸಲಾ ಹಿಡಿಕೆ ಹಿಡಿದು ಕಣ್ಣು ಮುಚ್ಚಿದಳು. ಗಾಳಿ ಬಡಿಯಿತು. ಅಷ್ಟೇ. ಟ್ರಕ್ಕೂ ಟ್ರೈಲರೂ ಒಂದೇ ವಸ್ತುವಾಗಿ ನೆಟ್ಟಗೆ ಹೋದವು. ಇನ್ನೂ ಒಂದು ಬಂತು, ಅದೂ ಹೋಯಿತು. ಇಂಡಿಯಾನಾ ಬರುವ ಹೊತ್ತಿಗೆ ಅವಳ ಕೈ ಯಾವಾಗಲೋ ಹಿಡಿಕೆ ಬಿಟ್ಟು ಮಡಿಲಿಗೆ ಬಂದಿತ್ತು. ಕಿತ್ತಳೆ ಸುಲಿದು ಒಂದೊಂದೇ ತೊಳೆಯನ್ನು ಗಂಡನ ಕೈಗೆ ಇಡುತ್ತಿದ್ದಳು.

ಅರೋರಾದಲ್ಲಿ ಸುಹಾಸಿನಿ ಹೊಸ ಮನೆಯ ಡ್ರೈವ್‌ವೇಗೆ ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು.

"ಸೋ, ಅಮ್ಮಾ? ವಾಟ್ಸ್ ದ ವರ್ಡಿಕ್ಟ್? ಮಾರೋದಾ, ಇಟ್ಕೊಳ್ಳೋದಾ?"

ಬದರೀನಾಥರು ಸರಳು ಬಿಚ್ಚುವ ನೆಪದಲ್ಲಿ ಬಗ್ಗಿದವರು ಮೇಲೇಳಲಿಲ್ಲ. ಅವರ ಬೆನ್ನನ್ನೇ ನೋಡುತ್ತ ವತ್ಸಲಾ ಜೋರಾಗಿ ಹೇಳಿದಳು.

"ರೀ, ವಾಪಸ್ ಹೋಗುವಾಗ ಅಕ್ಕಿ ಬೇಳೆ ಎಲ್ಲ ಖಾಲಿಯಾಗಿರತ್ತೆ. ಮುಂದೆ ಭಾರಕ್ಕೆ ಏನಿಡ್ತೀರಾ ಅಂತ ಈಗಲೇ ಯೋಚನೆ ಮಾಡಿಟ್ಕೊಳ್ಳಿ. ಇನ್ನೊಂದು ವಿಷ್ಯ. ಆ ಮ್ಯಾಕಿನಾ ಸೇತುವೆ ದಾಟುವಾಗ ನಾನು ಕಣ್ಣು ಮುಚ್ಕೊಂಡಿರ್ತೀನಿ. ಆ ಕಡೆ ತಲುಪಿದ ಮೇಲೆ ಎಬ್ಬಿಸಿ."