ಬಲಗೈ ಪಕ್ಕದ ಡಬ್ಬ

ಮನೆ ಅಳಿಯನಿಗೆ ಮೊದಲ ವಾರ ಮರ್ಯಾದೆ ಸಿಗುತ್ತದೆ, ಆಮೇಲೆ ಕೆಲಸ ಸಿಗುತ್ತದೆ. ಈ ಅಳಿಯನಿಗೆ ಸಿಕ್ಕಿದ್ದು ಮಾವನ ಹಿಂದೆ ಎಣ್ಣೆ ಡಬ್ಬ ಹೊರುವ ಕೆಲಸ. ಮಾವ ಮೋಟಾರು ದೋಣಿಗಳ ಶೆಡ್ಡಿನಲ್ಲಿ ಹಿರಿಯ ಮೇಸ್ತ್ರಿ. ಎಣ್ಣೆಯನ್ನು ಎರಡು ಬೆರಳಲ್ಲಿ ಉಜ್ಜಿ ಒಮ್ಮೆ ಮೂಸಿದರೆ ಸಾಕು, ಅದು ಯಾವ ಎಂಜಿನ್ನಿಗೆ ಆದೀತು, ಯಾವುದಕ್ಕೆ ಆಗದು ಎಂದು ಹೇಳಿಬಿಡುತ್ತಿದ್ದರು. ಅದಕ್ಕೇ ಎಲ್ಲರ ಬಾಯಲ್ಲೂ ಅವರು ಮೂಗಿನ ಮೇಸ್ತ್ರಿ.

ಪೆಟ್ರೋಲಿಗೆ ಬೆರೆಸುವ ಎಣ್ಣೆ ಶೆಡ್ಡಿನಲ್ಲಿ ಎರಡು ಬಗೆಯದಿತ್ತು. ಒಂದು ದೋಣಿಯದು, ನೀರಿನಿಂದ ತಣಿಯುವ ಎಂಜಿನ್ನಿಗೆ. ಇನ್ನೊಂದು ಮರ ಕೊಯ್ಯುವ ಯಂತ್ರದ್ದು, ಗಾಳಿಯಿಂದ ತಣಿಯುವಂಥದ್ದಕ್ಕೆ. ಎರಡೂ ನೀಲಿ, ಎರಡೂ ತೆಳು. ಆದರೆ ಎರಡನೆಯದನ್ನು ದೋಣಿಗೆ ಹಾಕಿದರೆ ಒಳಗೆ ಬೂದಿ ಕಟ್ಟುತ್ತದೆ, ಜೋರಾಗಿ ಓಡಿಸಿದ ದಿನ ಪಿಸ್ಟನ್ನಿಗೆ ತೂತು ಬೀಳುತ್ತದೆ. ಇಷ್ಟು ಗೊತ್ತಿದ್ದೂ ಡಬ್ಬಗಳ ಮೇಲೆ ಏನನ್ನೂ ಬರೆಯಕೂಡದು ಎಂಬುದು ಮಾವನ ಕಟ್ಟಪ್ಪಣೆ. "ಹೆಸರು ಓದ್ಕೊಂಡು ಎಣ್ಣೆ ಹಾಕೋನು ಮೇಸ್ತ್ರಿ ಅಲ್ಲ, ಗುಮಾಸ್ತ" ಎನ್ನುತ್ತಿದ್ದರು.

ಆ ಮೂಗು ಸತ್ತು ಎರಡು ವರ್ಷವಾಗಿತ್ತು. ಒಂದು ಜ್ವರ ಬಂದು, ಹೋಗುವಾಗ ವಾಸನೆ, ರುಚಿ ಎರಡನ್ನೂ ಕಟ್ಟಿಕೊಂಡು ಹೋಗಿತ್ತು. ಅದು ಗೊತ್ತಿದ್ದದ್ದು ಮಗಳಿಗೆ ಮಾತ್ರ. ಜ್ವರ ಬಿಟ್ಟ ವಾರವೇ ಅವಳು ಗಂಡನ ಕೈ ಹಿಡಿದುಕೊಂಡು ಕೇಳಿದ್ದಳು: "ರೀ, ದಿನಾ ಸರಿಯಾದ ಡಬ್ಬಾನ ಅಪ್ಪನ ಬಲಗೈ ಪಕ್ಕ ಇಡಿ. ಬಾಯಿ ಬಿಡ್ಬೇಡಿ, ಅಷ್ಟೇ. ಈ ಕೆಲಸ ಹೋದ್ರೆ ಅವರು ಉಳಿಯಲ್ಲ."

ಡಬ್ಬಗಳಿಗೆ ಎಣ್ಣೆ ತುಂಬಿಸುತ್ತಿದ್ದವನು ಅಳಿಯನೇ, ಯಾವುದರಲ್ಲಿ ಯಾವುದಿದೆ ಎಂದು ಅವನಿಗೆ ಗೊತ್ತಿತ್ತು. ಇಟ್ಟ. ಮೂರೇ ದಿನದಲ್ಲಿ ಮಾವನಿಗೆ ಮರ್ಮ ತಿಳಿಯಿತು. ತಿಳಿದರೂ ತುಟಿ ಪಿಟಕ್ಕೆನ್ನಲಿಲ್ಲ. ಎರಡೂ ಡಬ್ಬವನ್ನು ಗಂಭೀರವಾಗಿ ಮೂಸುವುದು, ಬಲಗಡೆಯದನ್ನು ಎತ್ತುವುದು, ನೋಡುತ್ತ ನಿಂತವರೆಲ್ಲ ಮೂಗಿನ ಮೇಲೆ ಬೆರಳಿಡುವುದು. ಅಷ್ಟಾದ ಮೇಲೆ ಅಳಿಯನ ಕಡೆ ತಿರುಗಿ, "ಲೋ, ನೋಡಿ ಕಲಿ" ಅನ್ನುವುದು ಬೇರೆ! ಅಳಿಯ ಅದನ್ನೂ ನುಂಗಿಕೊಂಡ. ಶೆಡ್ಡಿನಲ್ಲಿ ಎರಡನೇ ಮೇಸ್ತ್ರಿಯ ಜಾಗ ಖಾಲಿಯಿತ್ತು, ಮದುವೆಯಾಗಿ ಬಂದ ಆರು ವರ್ಷದಿಂದ ಅವನ ಕಣ್ಣು ಅದರ ಮೇಲಿತ್ತು.

ಒಂದು ಸಂಜೆ ದೋಣಿಯ ಅಡಿಯಲ್ಲಿ ಮಲಗಿ ಬೋಲ್ಟು ಬಿಗಿಯುತ್ತಿದ್ದಾಗ ಶೆಡ್ಡಿನ ಯಜಮಾನರ ಮಾತು ಅವನ ಕಿವಿಗೆ ಬಿತ್ತು. "ಮೇಸ್ತ್ರಿ, ಆ ಜಾಗ ನಿಮ್ಮ ಅಳಿಯನಿಗೇ ಕೊಡೋಣ್ವಾ?"

"ಅವನಿಗಾ?" ಮಾವ ನಕ್ಕರು. "ಡಬ್ಬ ಎತ್ಕೊಡೋಕೆ ಎರಡು ಕೈ ಇದೆ, ಅಷ್ಟೇ ಸ್ವಾಮಿ. ಮಗಳ ಮುಖ ನೋಡಿ ಸಾಕ್ತಿದೀನಿ. ಹೊರಗಿಂದ ಯಾರನ್ನಾದ್ರೂ ತನ್ನಿ."

ಅಳಿಯ ಬೋಲ್ಟನ್ನು ಪೂರ್ತಿ ಬಿಗಿದೇ ಎದ್ದ. ಸಿಟ್ಟಿನಲ್ಲಿ ಕೆಲಸ ಕೆಡಿಸುವ ಜಾತಿಯವನಲ್ಲ ಅವನು. ಶಾಂತವಾಗಿ ಕೆಡಿಸುವ ಜಾತಿ.

ಮರುದಿನ ಬೆಳಿಗ್ಗೆ ಯಜಮಾನರು ಮಾರಲು ತರಿಸಿದ್ದ ಹೊಸ ದೋಣಿಗೆ ಎಣ್ಣೆ ಬೆರೆಸಬೇಕಿತ್ತು. ಅಳಿಯ ಮರದ ಯಂತ್ರದ ಎಣ್ಣೆಯನ್ನು ಮಾವನ ಬಲಗೈ ಪಕ್ಕ ಇಟ್ಟ. ಮಾವ ಮೂಸಿದರು, ಬೆರಳಲ್ಲಿ ಉಜ್ಜಿದರು, ಯಾಕೋ ಒಂದು ಗಳಿಗೆ ಅಳಿಯನ ಮುಖ ನೋಡಿದರು. ಅಳಿಯ ಎಂದಿನಂತೆ ತಲೆ ತಗ್ಗಿಸಿದ. ಮಾವ ಬಲಗಡೆಯದನ್ನೇ ಸುರಿದರು.

ಒಂದು ವಾರ ದೋಣಿ ಅದೇ ಎಣ್ಣೆಯಲ್ಲಿ ಓಡಿತು. ಎಂಟನೆಯ ದಿನ ಕೊಳ್ಳುವವರನ್ನು ಕೂರಿಸಿಕೊಂಡು ಯಜಮಾನರು ಪೂರ್ತಿ ವೇಗದಲ್ಲಿ ದೂರ ಹೋದರು. ವಾಪಸು ಬಂದದ್ದು ಇನ್ನೊಂದು ದೋಣಿಯ ಹಗ್ಗಕ್ಕೆ ಕಟ್ಟಿಸಿಕೊಂಡು.

ಎಂಜಿನ್ ಬಿಚ್ಚಿದರೆ ಪಿಸ್ಟನ್ನಿನ ನೆತ್ತಿಯ ಮೇಲೆ ಬಿಳಿ ಬೂದಿ, ನಡುವೆ ತೂತು. ಮಾವ ಬೂದಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದರು. ಆಮೇಲೆ ಅಳಿಯನನ್ನು ನೋಡಿದರು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮೋಸವಾಯಿತು ಎನ್ನಬೇಕಾದರೆ ಮೂಗು ಸತ್ತಿದೆ ಎಂದು ಒಪ್ಪಿಕೊಳ್ಳಬೇಕು.

"ಎಣ್ಣೆ ಆರಿಸಿದ್ದು ಯಾರು?" ಯಜಮಾನರು ಕೂಗಿದರು.

"ನಾನೇ" ಎಂದರು ಮಾವ.

ಅಲ್ಲೇ ನಿಂತ ಹಾಗೆ ಅವರ ಕೆಲಸ ಹೋಯಿತು. ಎರಡನೇ ಮೇಸ್ತ್ರಿಯೇನು, ಹಿರಿಯ ಮೇಸ್ತ್ರಿಯ ಜಾಗವೇ ಅಳಿಯನದಾಯಿತು. ಅವನಿಗೆ ಖುಷಿಯಾಯಿತು. ಸುಳ್ಳೇಕೆ, ದಾರಿಯುದ್ದಕ್ಕೂ ಖುಷಿಯಾಯಿತು.

ಮನೆಯಲ್ಲಿ ಮಾವ ಮಗಳಿಗೆ ಹೇಳಿದ್ದು ಎರಡೇ ಮಾತು. "ಎಣ್ಣೆ ತಪ್ಪಾಯ್ತಮ್ಮ. ನಾಳೆಯಿಂದ ಹೋಗೋ ಹಾಗಿಲ್ಲ."

ಅವಳು ಗಂಡನ ಕಡೆ ತಿರುಗಿದಳು. "ಡಬ್ಬ ಇಟ್ಟೋರು ನೀವೇ ಅಲ್ವಾ?"

"ಕೈತಪ್ಪಿ ಆಗಿದ್ದು ಕಣೇ" ಎಂದ.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಅವನಿಗೆ ಸ್ವಲ್ಪ ಧೈರ್ಯ ಬಂತು. ಊಟವಾದ ಮೇಲೆ, ಗೆದ್ದವನ ಔದಾರ್ಯದಿಂದ, ತಾನೇ ಒಳಗೆ ಹೋಗಿ ಹಾಲು ಬಿಸಿ ಮಾಡಿ ಲೋಟಕ್ಕೆ ಬಗ್ಗಿಸಿ ತಂದ. "ತಗೊಳ್ಳಿ ಮಾವ."

ಮಾವ ಕೈ ಚಾಚಲಿಲ್ಲ. ಮಗಳು ಎದ್ದು ಬಂದು ಲೋಟವನ್ನು ಗಂಡನ ಕೈಯಿಂದ ತೆಗೆದುಕೊಂಡಳು. ಮೂಸಿದಳು. ಒಂದು ಗುಟುಕು ಕುಡಿದು, ನಾಲಗೆಯ ಮೇಲೆ ಇಟ್ಟುಕೊಂಡು, ನುಂಗಿ, ಸ್ವಲ್ಪ ಹೊತ್ತು ಹಾಗೇ ನಿಂತಳು.

"ಕುಡಿಯಪ್ಪ, ಏನಾಗಲ್ಲ" ಎಂದು ಅಪ್ಪನಿಗೆ ಕೊಟ್ಟಳು.