ನಾಲ್ಕು ಬಂದ ಬೇರು

ಕೇಣಿ ಎಂಬ ಊರಿನ ವೈಜಯಂತಿಯ ಅಂಗೈಯಲ್ಲಿ ರೇಖೆಗಳಿಲ್ಲ. ಇಪ್ಪತ್ತಾರು ವರ್ಷ ಮೀನಿಗೆ ಉಪ್ಪು ತಿಕ್ಕಿ ತಿಕ್ಕಿ ಸವೆದುಹೋಗಿವೆ. ರೇಷನ್ ಅಂಗಡಿಯ ಬೆರಳ ಗುರುತಿನ ಯಂತ್ರ ಅವಳನ್ನು ಮನುಷ್ಯಳೆಂದು ಒಪ್ಪಬೇಕಾದರೆ ಆರೇಳು ಸಲ ಒತ್ತಬೇಕು. ಆದರೆ ದೋಣಿಯವರ ಕಾಲಿಗೆ ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚಿ ಊದಿಕೊಂಡರೆ, ಬೆಳಂಬಾರದಿಂದ ಮಾಜಾಳಿಯವರೆಗಿನ ಜನ ಹುಡುಕಿಕೊಂಡು ಬರುವುದು ಆ ಕೈಯನ್ನೇ. ಅತ್ತೆ ತೋರಿಸಿಕೊಟ್ಟ ಒಂದು ಬೇರು ತೇದು ಹಚ್ಚುತ್ತಾಳೆ. ಸಂಜೆಯೊಳಗೆ ಊತ ಇಳಿಯುತ್ತದೆ. ಮದ್ದಿಗೆ ದುಡ್ಡು ಮುಟ್ಟಬಾರದೆಂದು ಅತ್ತೆ ಹೇಳಿದ್ದಳು, ಮುಟ್ಟಿಲ್ಲ.

ಹೋದ ವರ್ಷ ಕಾರವಾರದ ಒಂದು ಔಷಧ ಕಂಪನಿಯ ಪ್ರಯೋಗಾಲಯದಿಂದ ರಾಮನಾಥ ಸಾಹೇಬರು ಬಂದರು. ಬೇರು ಪರೀಕ್ಷೆಗೆ ಬೇಕೆಂದರು. ಗುಣ ಇದ್ದರೆ ಕಾಗದದಲ್ಲಿ ಕೇಣಿಯ ಹೆಂಗಸರ ಹೆಸರು ಬರುತ್ತದೆ, ಪಾಲು ಸಿಗುತ್ತದೆ, ಮೀನು ಒಣಗಿಸಲು ಸಿಮೆಂಟಿನ ಕಟ್ಟೆ ಆಗುತ್ತದೆ ಎಂದರು. ಚಹಾ ಕುಡಿದು 'ತಾಯಿ' ಎಂದೂ ಕರೆದರು. ಸಾಹೇಬರು ತಾಯಿ ಅಂದ ದಿನವೇ ಹುಷಾರಾಗಬೇಕಿತ್ತು. ಆಗಲಿಲ್ಲ. ಉಂಬಳ ಕಚ್ಚಿಸಿಕೊಂಡು ಗುಡ್ಡ ಹತ್ತಿ ಎರಡು ಚೀಲ ಬೇರು ಅಗೆದು ಕೊಟ್ಟಳು.

ಮೊನ್ನೆ ಫೋನ್ ಬಂತು. ಫಲಿತಾಂಶ ಬಂದಿದೆ, ಬಂದು ಸಹಿ ಮಾಡಿ. ಗಂಡ ಕುಪ್ಪನನ್ನು ಹೊರಡಿಸಿಕೊಂಡು ಬಸ್ಸು ಹತ್ತಿದಳು.

ಸಾಹೇಬರ ಕೋಣೆಯಲ್ಲಿ ಎಂಥ ಥಂಡಿ ಎಂದರೆ, ಮೀನು ಇಟ್ಟಿದ್ದರೆ ವಾರ ಕೆಡುತ್ತಿರಲಿಲ್ಲ. ಕಂಪ್ಯೂಟರಿನ ಮುಂದೆ ಚಂದನಾ ಕೂತಿದ್ದಳು. ಮಾಜಾಳಿಯ ಹುಡುಗಿ, ಗುತ್ತಿಗೆ ಕೆಲಸದವಳು, ಪರೀಕ್ಷೆಯನ್ನೆಲ್ಲ ಮಾಡಿದವಳು ಅವಳೇ. ಪರದೆಯ ಮೇಲೆ ಹತ್ತು ಹನ್ನೆರಡು ಚುಕ್ಕಿ. ಅವುಗಳ ನಡುವೆ ಒಂದು ಗೆರೆ ಎತ್ತರದಿಂದ ಇಳಿದು, ದಡಕ್ಕೆ ಬಂದ ಅಲೆಯ ಹಾಗೆ ಚಪ್ಪಟೆ ಮಲಗಿತ್ತು.

"ನೋಡಿ ತಾಯಿ," ಎಂದರು ಸಾಹೇಬರು. "ಚುಕ್ಕಿಗೆ ಹೊಂದುವ ಗೆರೆಯನ್ನ ಸಾಫ್ಟ್‌ವೇರೇ ಎಳೀತದೆ. ಅಂಕಿಯನ್ನೂ ಅದೇ ಹೇಳ್ತದೆ. ಅಂಗಡಿ ಮಾತ್ರೆಗೆ ಅರವತ್ತೆರಡು ಬಂತು. ನಿಮ್ಮ ಬೇರಿಗೆ ನಾಲ್ಕು."

"ನಾಲ್ಕೇ?"

ಏಳನೇ ಇಯತ್ತೆಯ ಗಣಿತದಲ್ಲೂ ವೈಜಯಂತಿಗೆ ಹನ್ನೊಂದು ಬಂದಿತ್ತು. ಹಾಗಾದರೆ ಅತ್ತೆ ಇಷ್ಟು ವರ್ಷ ಊರಿಗೆಲ್ಲ ಹಚ್ಚಿದ್ದು ಬರೀ ಮಣ್ಣೇ?

"ಊತ ತನ್ನಷ್ಟಕ್ಕೇ ಇಳೀತದೆ ಅಂತ ನಾ ಹೇಳ್ಲಿಲ್ವಾ ಮಾರಾಯ್ತಿ," ಎಂದ ಕುಪ್ಪ. ಮೂರು ಸಲ ಮುಳ್ಳು ಚುಚ್ಚಿಸಿಕೊಂಡು, ಮೂರು ಸಲವೂ ಬೇರು ತಾ ಎಂದು ಊರು ಕೇಳುವ ಹಾಗೆ ಅತ್ತವನು ಇವನೇ.

ಸಾಹೇಬರು ಕಾಗದ ಮುಂದಿಟ್ಟರು. 'ಬೇರಿನಲ್ಲಿ ಗುಣವಿಲ್ಲ. ಇನ್ನು ಮುಂದೆ ಇದರ ಮೇಲೆ ನಮಗೆ ಯಾವ ಹಕ್ಕೂ ಇಲ್ಲ.' ವೈಜಯಂತಿ ಪೆನ್ನು ಹಿಡಿದಳು.

"ಉಳಿದ ಬೇರಾದ್ರೂ ವಾಪಸ್ ಕೊಡಿ ಒಡೆಯಾ. ಯಾರಿಗಾರೂ ಚುಚ್ಚಿದ್ರೆ ಬೇಕಾತದೆ."

"ಅದು ಇಲ್ಲೇ ಇರಲಿ ತಾಯಿ. ಇನ್ನೂ ನಾಲ್ಕು ಚೀಲ ತರಿಸಿಕೊಡಿ."

ಪೆನ್ನು ನಿಂತಿತು. ಅಂಕೋಲೆ ಪೇಟೆಯಲ್ಲಿ ಬುಟ್ಟಿ ಇಟ್ಟು ಕೂತ ಹೆಂಗಸು ಅವಳು. ಮೀನು ಕೊಳೆತಿದೆ ಎಂದು ಮೂಗು ಮುಚ್ಚಿಕೊಂಡ ಗಿರಾಕಿ ಬುಟ್ಟಿ ಬಿಟ್ಟು ಕದಲದಿದ್ದರೆ ಅದರ ಅರ್ಥವೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ನಾಲ್ಕು ಅಂದ್ರೆ ಎಂತದು ನಾಲ್ಕು?"

"ಅದು ವಿಜ್ಞಾನ ತಾಯಿ. ನಿಮಗೆ ತಿಳಿಯೂದಿಲ್ಲ."

"ನೀ ಹೇಳೇ ತಂಗಿ. ಚುಕ್ಕಿ ಇಟ್ಟವಳು ನೀನಲ್ವಾ?"

ಚಂದನಾ ಸಾಹೇಬರ ಮುಖ ನೋಡಿದಳು. ಒಂದನೇ ತಾರೀಕಿಗೆ ಅವಳ ಗುತ್ತಿಗೆ ಮುಗಿಯುತ್ತಿತ್ತು. ಹೋದ ವಾರ ಇದೇ ಸಾಹೇಬರು, ಎರಡು ಚುಕ್ಕಿ ಅಳಿಸಿ ನೋಡು, ಅಂಕಿ ಏರುತ್ತದೋ ಏನೋ ಎಂದಿದ್ದರು. ಅಳಿಸಿದಳು. ಸಾಫ್ಟ್‌ವೇರ್ ಹೊಸ ಗೆರೆ ಎಳೆದು ಮತ್ತೆ ನಾಲ್ಕು ಎಂದೇ ಹೇಳಿತು. ಯಂತ್ರಕ್ಕೆ ಸುಳ್ಳು ಕಲಿಸಲಾಗದೆ, ಅಂಕಿ ಓದಿ ಹೇಳುವ ಕೆಲಸವನ್ನು ಸಾಹೇಬರು ತಾವೇ ಇಟ್ಟುಕೊಂಡಿದ್ದರು.

"ಮೈಯಲ್ಲಿ ಊತ ಎಬ್ಬಿಸೂ ಒಂದು ರಸ ಇರ್ತದೆ ಅಕ್ಕ," ಎಂದಳು ಚಂದನಾ. "ಅದರ ಆಟ ಅರ್ಧಕ್ಕೆ ಇಳಿಸೂಕೆ ಎಷ್ಟು ಮದ್ದು ಬೇಕು ಅನ್ನೂ ಲೆಕ್ಕ ಅದು."

"ಚಂದನಾ, ನೀನು ಚಹಾಕ್ಕೆ ಹೋಗು."

"ಕುಡಿದಾಯ್ತು ಸರ್."

ವೈಜಯಂತಿ ಅಂಗೈ ನೋಡಿಕೊಂಡಳು. "ಅಂದ್ರೆ ಉಪ್ಪಿನ ಲೆಕ್ಕ. ಒಳ್ಳೆ ಉಪ್ಪಾದ್ರೆ ಬುಟ್ಟಿ ಮೀನಿಗೆ ನಾಲ್ಕು ಮುಷ್ಟಿ ಸಾಕು. ಕಲಬೆರಕೆ ಉಪ್ಪಾದ್ರೆ ಅರವತ್ತು ಮುಷ್ಟಿ ಸುರೀಬೇಕು. ಹೌದೋ ಅಲ್ವೋ?"

"ಹೌದಕ್ಕ. ಅಂಕಿ ಕಮ್ಮಿ ಬಂದಷ್ಟೂ ಮದ್ದು ಜೋರು."

"ನಮ್ಮ ಅವ್ವಿ ಮದ್ದು ಅಂದ್ರೆ ಸುಮ್ನೆ ಅಲ್ಲ ಅಂತ ನಾ ಮೊದ್ಲೇ ಹೇಳಿದ್ದೆ," ಎಂದ ಕುಪ್ಪ.

ವೈಜಯಂತಿ ಸಾಹೇಬರತ್ತ ತಿರುಗಿದಳು. "ಸುಳ್ಳು ಹೇಳಿದ್ದು ಹಾಳಾಗಿ ಹೋಗಲಿ. ಸತ್ತ ಅತ್ತೆ ಮೇಲೆ ನಂಗೇ ಅನುಮಾನ ಬರೂ ಹಂಗೆ ಮಾಡಿದ್ರಲ್ಲ ನೀವು."

ಕಾಗದದ ಮೇಲಿನ 'ಗುಣವಿಲ್ಲ' ಎಂಬುದನ್ನು ಹೊಡೆದುಹಾಕಿದಳು. ಪಕ್ಕದಲ್ಲಿ ಕೋಳಿ ಕಾಲಿನ ಅಕ್ಷರದಲ್ಲಿ 'ನಾಲ್ಕೇ ಸಾಕು' ಎಂದು ಬರೆದಳು. ಮೂಲೆಯಲ್ಲಿದ್ದ ಬೇರಿನ ಚೀಲವನ್ನು ಎತ್ತಿ ಕುಪ್ಪನ ಇಸ್ತ್ರಿ ಅಂಗಿಯ ಹೆಗಲಿಗೆ ಹೊರಿಸಿದಳು.

"ಗುಡ್ಡ ಏನು ನಿಮ್ಮಪ್ಪನದ್ದಾ?" ಸಾಹೇಬರ ಬಾಯಲ್ಲಿ ಈಗ ತಾಯಿ ಇರಲಿಲ್ಲ. "ನಾವೇ ಅಗೀತೇವೆ."

ಮರುದಿನದಿಂದ ಚಂದನಾಳಿಗೆ ಕೆಲಸವಿರಲಿಲ್ಲ. ಅವಳು ಸೀದಾ ಕೇಣಿಗೆ ಬಂದಳು. ಅಂಗಳದಲ್ಲಿ ಕೂತು ಊರ ಹೆಂಗಸರಿಗೆಲ್ಲ ಗೆರೆ, ಚುಕ್ಕಿ, ಅಂಕಿಯನ್ನು ಮುಷ್ಟಿ ಉಪ್ಪಿನಲ್ಲೇ ತಿಳಿಸಿಕೊಟ್ಟಳು. ತಿಳಿಯದವರು ಒಬ್ಬರೂ ಉಳಿಯಲಿಲ್ಲ.

ಮೂರನೇ ದಿನ ಬೆಳಿಗ್ಗೆ ಕಂಪನಿಯ ಗಾಡಿ ಗುದ್ದಲಿ ಹಾರೆ ತುಂಬಿಕೊಂಡು ಬಂತು. ಗುಡ್ಡಕ್ಕೆ ಇರುವುದು ಒಂದೇ ದಾರಿ. ಆ ದಾರಿಯುದ್ದಕ್ಕೂ ಚಾಪೆ, ಚಾಪೆಯ ತುಂಬ ಬಂಗಡೆ, ಸೀಗಡಿ, ಚಿಪ್ಪು ಬಿಡಿಸಿದ ಬಳಚಿ. ಆಚೀಚೆ ಚಂದನಾ ಸೇರಿ ನಲವತ್ತು ಹೆಂಗಸರು ಕೂತು ಮೀನು ಮಗುಚುತ್ತಿದ್ದರು. ಡ್ರೈವರ್ ಹಾರ್ನ್ ಒತ್ತಿದ. ಒಬ್ಬರೂ ತಲೆ ಎತ್ತಲಿಲ್ಲ. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಇಳಿದರು.

"ತಾಯಿ, ಸ್ವಲ್ಪ ದಾರಿ ಬಿಡಿಸಿ."

"ಹೊಸ ಕಾಗದ ಬರೀರಿ," ಎಂದಳು ವೈಜಯಂತಿ. "ನಾಲ್ಕು ಅಂದ್ರೆ ಎಂತದು ಅಂತ ಕನ್ನಡದಲ್ಲಿ ಬರೀರಿ. ನಮ್ಮೆಲ್ಲರ ಹೆಸರು ಬರೀರಿ. ಈ ತಂಗೀನ ಕೆಲಸಕ್ಕೆ ಕರೀರಿ."

"ಅದೆಲ್ಲ ಮೇಲಿನವರನ್ನ ಕೇಳಬೇಕು. ದಿನ ಹಿಡೀತದೆ."

"ಅಡ್ಡಿಲ್ಲ. ಮೀನು ಒಣಗೂಕೂ ದಿನ ಬೇಕು."

"ಎಷ್ಟು ದಿನ?"

ವೈಜಯಂತಿ ಒಂದು ಬಂಗಡೆ ಮಗುಚಿ ಹಾಕಿದಳು.

"ಅದು ವಿಜ್ಞಾನ ಒಡೆಯಾ," ಎಂದಳು. "ನಿಮಗೆ ತಿಳಿಯೂದಿಲ್ಲ."